ಬೋರ್ ನೀರು ಕುಡಿಯಲು ಯೋಗ್ಯವೇ? ಪರೀಕ್ಷೆ ಮಾಡಿಸುವ ಕ್ರಮ

ರಾಯಚೂರು ಜಿಲ್ಲೆಯ ನೆಲದಡಿ ಇರುವುದು ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆ. ಇಂಥ ಗಟ್ಟಿ ಕಲ್ಲಿನಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ. ಹೀಗಾಗಿ ಒಂದೇ ಓಣಿಯ ಎರಡು ಬೋರ್‌ಗಳ ನೀರಿನ ಗುಣ ಬೇರೆಬೇರೆಯಾಗಿರಬಹುದು. ಪಕ್ಕದ ಮನೆಯವರ ವರದಿ ನಮ್ಮ ನೀರಿಗೆ ಅನ್ವಯಿಸುವುದಿಲ್ಲ.

ಮೊದಲು, ಏನನ್ನು ಪರೀಕ್ಷಿಸಬೇಕೆಂದು ನಿರ್ಧರಿಸಿ. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜನ್ನಷ್ಟೇ ಹೇಳುತ್ತದೆ, ಫ್ಲೋರೈಡ್ ಇದೆಯೇ ಎಂಬುದನ್ನು ಹೇಳುವುದಿಲ್ಲ. ನಾಲಿಗೆಯನ್ನೂ ನಂಬುವಂತಿಲ್ಲ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ, ಬೈಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚು ಕರಗುವುದರಿಂದ, ಬೇಳೆ ಚೆನ್ನಾಗಿ ಬೇಯುವ, ಸವಳಿಲ್ಲದ ನೀರೇ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡಿಸಬಹುದು. ಆದ್ದರಿಂದ ಪ್ರಯೋಗಾಲಯದಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ, ಟಿಡಿಎಸ್ ಎಂದು ಒಂದೊಂದನ್ನೂ ಹೆಸರಿಸಿ ಕೇಳಿ. ಭತ್ತಕ್ಕೆ ಗೊಬ್ಬರ ಹೆಚ್ಚು ಬೀಳುವ ಸಿಂಧನೂರು, ಮಾನ್ವಿ ಕಡೆಯವರು ನೈಟ್ರೇಟನ್ನು ಮರೆಯಬಾರದು. ತಿಪ್ಪೆ, ಶೌಚದ ಗುಂಡಿ ಹತ್ತಿರವಿದ್ದರೂ ಇದೇ ಮಾತು. ಹಟ್ಟಿ ಚಿನ್ನದ ಗಣಿಯ ಸುತ್ತಮುತ್ತ ಅದಿರಿನ ಜೊತೆ ಆರ್ಸೆನಿಕ್ ಉಳ್ಳ ಖನಿಜಗಳೂ ಇರುವುದರಿಂದ ಅಲ್ಲಿಯವರು ಆರ್ಸೆನಿಕ್ ಪರೀಕ್ಷೆಯನ್ನೂ ಮಾಡಿಸುವುದು ಒಳಿತು.

ಮಾದರಿ ಸಂಗ್ರಹದಲ್ಲಿ ಅವಸರ ಸಲ್ಲದು. ಪೈಪಿನಲ್ಲಿ ನಿಂತ ನೀರು ಹೋಗುವಂತೆ ಮೋಟರನ್ನು ಹತ್ತು ನಿಮಿಷ ಓಡಿಸಿ, ಟ್ಯಾಂಕಿನಿಂದಲ್ಲ, ನೇರ ಬೋರ್ ಪೈಪಿನಿಂದಲೇ ಹಿಡಿಯಿರಿ. ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿ ಸಾಕು. ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುವುದರಿಂದ ಗಾಜಿನ ಬಾಟಲಿ ಬೇಡ. ಅದೇ ನೀರಿನಿಂದ ಮೂರು ಸಲ ತೊಳೆದು, ತುಂಬಿಸಿ, ಬಿರಡೆ ಬಿಗಿಮಾಡಿ, ಊರು, ಬೋರ್‌ನ ಆಳ, ದಿನಾಂಕ ಬರೆದ ಚೀಟಿಯನ್ನು ಆಗಲೇ ಅಂಟಿಸಿ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯವೇ ಕೊಡುವ ಕ್ರಿಮಿಶುದ್ಧ ಬಾಟಲಿ ಬೇರೆ ಬೇಕು. ಅದನ್ನು ತೊಳೆಯಬಾರದು, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಬೇಕು.

ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಮಾದರಿ ಕೊಡಬಹುದು. ಜಲ ಜೀವನ್ ಮಿಷನ್ ಅಡಿ ಪಂಚಾಯಿತಿಗಳಿಗೆ ಕೊಟ್ಟಿರುವ ಕಿಟ್‌ನಿಂದ ಊರಿನಲ್ಲಿಯೇ ಪ್ರಾಥಮಿಕ ಪರೀಕ್ಷೆ ಮಾಡಬಹುದು: ಬಣ್ಣವನ್ನು ಚಾರ್ಟಿನೊಂದಿಗೆ ಹೋಲಿಸುವಾಗ ಬಲ್ಬಿನ ಬೆಳಕಿನಲ್ಲಲ್ಲ, ಹಗಲಿನ ಬೆಳಕಿನಲ್ಲಿ ನೋಡಿ. ಕಿಟ್ ಅನುಮಾನ ಹುಟ್ಟಿಸಿದರೆ ಪ್ರಯೋಗಾಲಯದ ಅಂಕಿಯೇ ಆಧಾರ.

ವರದಿ ಬಂದಮೇಲೆ ಭಾರತೀಯ ಮಾನಕ ಐಎಸ್ 10500ರ ಮಿತಿಗಳೊಂದಿಗೆ ತಾಳೆ ಹಾಕಿ. ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ ಗರಿಷ್ಠ 1.5, ನೈಟ್ರೇಟ್ 45, ಟಿಡಿಎಸ್ 500, ಅನಿವಾರ್ಯವಾದರೆ 2000, ಆರ್ಸೆನಿಕ್ 0.01. ಹಸುಗೂಸಿಗೆ ಹಾಲಿನ ಪುಡಿ ಕಲಸಿ ಕುಡಿಸುವ ಮನೆಗಳಲ್ಲಿ ನೈಟ್ರೇಟಿನ ಅಂಕಿಯನ್ನು ಮೊದಲು ನೋಡಿ, ಏಕೆಂದರೆ ಅದು ಹಸುಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನು ಕುಗ್ಗಿಸುತ್ತದೆ.

ಮಿತಿ ಮೀರಿದ್ದರೆ ಕುದಿಸಿ ಕುಡಿಯುತ್ತೇವೆಂಬ ಸಮಾಧಾನ ಬೇಡ. ಕುದಿಸುವುದರಿಂದ ರೋಗಾಣು ಸಾಯುತ್ತವೆ. ಫ್ಲೋರೈಡ್, ನೈಟ್ರೇಟ್ ಉಳಿಯುತ್ತವೆ, ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಏರುತ್ತದೆ. ಆ ನೀರನ್ನು ಸ್ನಾನಕ್ಕೆ, ಬಟ್ಟೆಗೆ ಬಳಸಿ, ಕುಡಿಯಲು ಮತ್ತು ಅಡುಗೆಗೆ ಮಾತ್ರ ಬೇರೆ ನೀರು ತನ್ನಿ. ಊರಿನ ಶುದ್ಧ ನೀರಿನ ಘಟಕದ ನೀರನ್ನೂ ವರ್ಷಕ್ಕೆ ಎರಡು ಬಾರಿ, ಮಳೆಗಾಲದ ಮುಂಚೆ ಹಾಗೂ ನಂತರ ಪರೀಕ್ಷಿಸಿ, ಏಕೆಂದರೆ ನೀರು ಸೋಸುವ ಪೊರೆ ಹಳತಾದ ಘಟಕ ಹೆಸರಿಗಷ್ಟೇ ಶುದ್ಧೀಕರಿಸುತ್ತದೆ. ಆ ಘಟಕದಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಲವಣ, ಫ್ಲೋರೈಡ್ ಇನ್ನೂ ಹೆಚ್ಚಿರುವುದರಿಂದ ಅದನ್ನು ಬೋರ್ ಪಕ್ಕದ ಇಂಗುಗುಂಡಿಗೆ ಬಿಡಬಾರದು.