ಹಬ್ ನಟ್ ಬದಲಿಸುವ ಮುನ್ನ ಗೋಟಿ ನೋಡಿಕೊಳ್ಳಿ

ಹಳೆ ಹಬ್ ನಟ್ ಬಿಚ್ಚಲು ಒಂದು ಸೈಜಿನ ಗೋಟಿ (ನಟ್ ತಿರುಗಿಸುವ ಸಾಕೆಟ್), ಹೊಸದನ್ನು ಬಿಗಿಯಲು ಇನ್ನೊಂದು ಸೈಜಿನ ಗೋಟಿ ಬೇಕಾಗಬಹುದು. ಇದು ಮೊದಲೇ ಗೊತ್ತಿರದಿದ್ದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಕಲಬುರಗಿಯಲ್ಲಿ ಸ್ಪೋರ್ಟ್ಸ್ ಕಾರಿನ ಸಾಮಾನು ಕೇಳಿದ ತಕ್ಷಣ ಸಿಗುವುದು ಕಷ್ಟ. ಹೈದರಾಬಾದಿನಿಂದಲೋ ಪುಣೆಯಿಂದಲೋ ತರಿಸಬೇಕು. ಅದು ಬರುವವರೆಗೆ ಕಾರು ಸ್ಟ್ಯಾಂಡ್ ಮೇಲೆಯೇ ಇರಬೇಕಾಗುತ್ತದೆ, ಅಲ್ವಾ? ಅದಕ್ಕೇ ಅಳತೆಯ ಮಾತು ಮೊದಲು.

ಹಬ್ ನಟ್ ಅಂದರೆ ಚಕ್ರ ಬಿಗಿಯುವ ನಾಲ್ಕೈದು ವೀಲ್ ನಟ್‌ಗಳಲ್ಲ. ಚಕ್ರದ ನಟ್ಟನಡುವೆ, ಮುಚ್ಚಳದ ಹಿಂದೆ ಕೂತಿರುವ ಒಂಟಿ ದೊಡ್ಡ ನಟ್. ಚಕ್ರ ತಿರುಗಿಸುವ ದಂಡದ, ಅಂದರೆ ಡ್ರೈವ್ ಶಾಫ್ಟ್‌ನ ತುದಿಯನ್ನು ಚಕ್ರ ಕೂರುವ ಹಬ್‌ಗೆ ಹಿಡಿದಿಡುವುದು ಇದೇ. ಎಷ್ಟೋ ಕಾರುಗಳಲ್ಲಿ ಬೇರಿಂಗ್‌ನ ಒಳಬಳೆಗಳನ್ನು ಒತ್ತಿ ಹಿಡಿಯುವುದೂ ಇದೇ. ಇದು ಸಡಿಲವಾದರೆ ಬೇರಿಂಗ್ ಹಾಳಾಗುತ್ತದೆ, ಚಕ್ರ ಅಲ್ಲಾಡುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಅಂದಾಜು ಬೇಡ.

ಅಳತೆ

ಗೋಟಿಯ ಮೇಲಿನ ನಂಬರು ನಟ್‌ನ ಎದುರುಬದುರು ಎರಡು ಮುಖಗಳ ನಡುವಿನ ದೂರ. ಒಳಗಿನ ಮರೆಯ, ಅಂದರೆ ತಿರುಪಿನ ಸುರುಳಿ ಗೆರೆಯ, ಅಳತೆ ಬೇರೆ. ಮರೆ ಎಂ20, ಎಂ22, ಎಂ24 ಹೀಗೆ ಇರುತ್ತದೆ. ಸಾಮಾನ್ಯವಾಗಿ ಮರೆಯ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವಿನ ಅಂತರ 1.5 ಮಿಲಿಮೀಟರ್. ಮರೆ ಒಂದೇ ಆಗಿದ್ದರೂ ನಟ್ ತಯಾರಿಸಿದವರು ಬೇರೆಯಾದರೆ ಹೊರಮೈ ಬೇರೆ ಸೈಜಿನದಾಗಿರಬಹುದು. ಹಳೆಯ ಮಜ್ದಾ ಎಂಎಕ್ಸ್-5ರಲ್ಲಿ ಮೂಲ ನಟ್‌ಗೆ 29ರ ಗೋಟಿ. ಅದರ ಜಾಗಕ್ಕೆ ಬೇರೆ ಕಂಪನಿಯ ನಟ್ ತರಿಸಿದರೆ ಅದು 30 ಅಥವಾ 32 ಇದ್ದರೂ ಆಶ್ಚರ್ಯವಿಲ್ಲ. ಪೋರ್ಷ ಬಾಕ್ಸ್‌ಸ್ಟರ್ 986ರಲ್ಲಿ 32. ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಂಥ ಕಾರುಗಳಲ್ಲಿ ನಟ್ ಬದಲು ಬೋಲ್ಟ್ ಇರುತ್ತದೆ. ಈ ಬಗೆಯ ಕೆಲವು ಬೋಲ್ಟ್‌ಗಳ ತಲೆಗೆ 12 ಮೂಲೆ. ಅದಕ್ಕೆ ಆರು ಮೂಲೆಯ ಗೋಟಿ ಕೂರುವುದಿಲ್ಲ.

ಹೊಸ ನಟ್ ಕೈಗೆ ಬಂದ ಕೂಡಲೇ, ಕಾರು ಎತ್ತುವ ಮೊದಲೇ, ವರ್ನಿಯರ್ ಹಿಡಿದು ಹಳೆಯದು ಹೊಸದು ಎರಡನ್ನೂ ಅಳೆಯಿರಿ. ಆಮೇಲೆ ಅಂಗಡಿಗೆ ಹೋಗಿ. ಸುಮ್ನೆ ‘ಅಣ್ಣಾ, ಹಬ್ ನಟ್ಟಿಂದು ಗೋಟಿ ಕೊಡ್ರಿ’ ಅಂದರೆ ಸಾಲದು. ಆರು ಮೂಲೆಯದು, ಉದ್ದನೆಯದು, ಕಪ್ಪು ಬಣ್ಣದ ಇಂಪ್ಯಾಕ್ಟ್ ಗೋಟಿ ಎಂದು ಬಿಡಿಸಿ ಹೇಳಿ. ಹೊಳೆಯುವ ಕ್ರೋಮ್ ಗೋಟಿ ಇಷ್ಟು ಬಲಕ್ಕೆ ಸೀಳಬಹುದು.

ಇಂಚಿನ ಗೋಟಿಯಲ್ಲಿ ಕೆಲಸ ಸಾಗಿಸುವವರೂ ಇದ್ದಾರೆ. ಒಂದೂಕಾಲು ಇಂಚು ಅಂದರೆ 31.75 ಮಿಲಿಮೀಟರ್. ಅದು 32ರ ನಟ್ ಮೇಲೆ ಸರಿಯಾಗಿ ಇಳಿಯುವುದಿಲ್ಲ. ಸುತ್ತಿಗೆಯಿಂದ ಬಡಿದು ಕೂರಿಸಿದರೆ ನಟ್‌ನ ಮೂಲೆ ಹೋಯಿತು. ಇನ್ನೂ ಒಂದು ವಿಷಯ. ಅಲಾಯ್ ಚಕ್ರ ಹಾಕಿದ್ದಾಗಲೇ ನಟ್ ಸಡಿಲಿಸುವುದಾದರೆ ಗೋಟಿ ನಡುವಿನ ತೂತಿನೊಳಗೆ ಹೋಗಬೇಕು. ದಪ್ಪ ಗೋಡೆಯ ಗೋಟಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೊಳ್ಳುವ ಮುಂಚೆ ಅದರ ಹೊರ ಅಳತೆಯನ್ನೂ ನೋಡಿ.

ಬಿಚ್ಚುವುದು

ನಮ್ಮ ಕಡೆ ಮನೆ ಮುಂದೆ ಶಹಾಬಾದ್ ಕಲ್ಲಿನ ಹಾಸು ಇರುತ್ತದೆ. ಅದರ ಮೇಲೆ ನೇರವಾಗಿ ಜಾಕ್ ಇಡಬೇಡಿ, ಕಲ್ಲಿನಡಿ ಟೊಳ್ಳಿದ್ದರೆ ಸೀಳುತ್ತದೆ. ಎರೆಮಣ್ಣಿನ ಮೇಲಂತೂ ಬೇಡವೇ ಬೇಡ. ಗಟ್ಟಿ ಕಾಂಕ್ರೀಟ್ ನೆಲ ಹುಡುಕಿ, ಜಾಕ್ ಕೆಳಗೆ ದಪ್ಪ ಹಲಗೆ ಇಡಿ. ಬೇರೆ ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿ.

ಮುಚ್ಚಳ ತೆಗೆದಾಗ ನಟ್‌ನ ಅಂಚು ಶಾಫ್ಟ್‌ನ ತೋಡಿನೊಳಗೆ ಬಡಿದು ಮಡಚಿದ್ದು ಕಂಡರೆ, ಮೊದಲು ಆ ಮಡಿಕೆಯನ್ನು ಸಣ್ಣ ಉಳಿಯಿಂದ ನಿಧಾನಕ್ಕೆ ಎತ್ತಿ. ಹಾಗೇ ತಿರುಗಿಸಿದರೆ ಅದು ಶಾಫ್ಟ್‌ನ ಮರೆಯನ್ನೇ ಕೆರೆದುಕೊಂಡು ಬರುತ್ತದೆ. ನಟ್ ಹೋದರೆ ಸ್ವಲ್ಪ ದುಡ್ಡು, ಶಾಫ್ಟ್ ಹೋದರೆ ಜಾಸ್ತಿ ದುಡ್ಡು. ನಟ್ ತಿರುಗದಂತೆ ತಡೆಯುವ ಕಾಟರ್ ಪಿನ್ ಇದ್ದರೆ ಅದನ್ನು ಎಳೆದು ತೆಗೆಯಿರಿ.

ಚಕ್ರ ನೆಲಕ್ಕೆ ಊರಿರುವಾಗಲೇ, ಹ್ಯಾಂಡ್ ಬ್ರೇಕ್ ಎಳೆದು, ಒಬ್ಬರು ಒಳಗೆ ಕೂತು ಬ್ರೇಕ್ ತುಳಿದಿರಲಿ. ಉದ್ದನೆಯ ಬಾರ್ ಹಾಕಿ ನಟ್‌ನ ಬಿಗಿ ಮುರಿಯಿರಿ. ಕಾಲು ಸುತ್ತು ಸಾಕು, ಅದಕ್ಕಿಂತ ಜಾಸ್ತಿ ಬೇಡ. ಬಿಗಿ ಹೋದ ಬೇರಿಂಗ್ ಮೇಲೆ ಕಾರಿನ ಭಾರ ಕೂರಬಾರದು, ಕಾರು ಉರುಳಲೂ ಬಾರದು. ಆಮೇಲೆ ಕಾರು ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆದು ನಟ್ ಪೂರ್ತಿ ಬಿಚ್ಚಿ. ಕೆಲವು ಹಳೆಯ ಕಾರುಗಳಲ್ಲಿ ಒಂದು ಬದಿಯ ಮರೆ ಉಲ್ಟಾ ಇರುತ್ತದೆ. ಬಲ ಹಾಕುವ ಮೊದಲು ಮ್ಯಾನುವಲ್ ನೋಡಿ.

ಹಾಕುವುದು

ಮಡಚುವ ನಟ್, ನೈಲಾನ್ ಉಂಗುರದ ನಟ್, ಬಾಯಿ ಒತ್ತಿದ ಲಾಕ್ ನಟ್, ಈ ಮೂರೂ ಒಂದೇ ಸಲಕ್ಕೆ. ಕಿರೀಟದ ಹಾಗೆ ಹಲ್ಲಿರುವ ನಟ್ ಆದರೆ, ಮ್ಯಾನುವಲ್ ಒಪ್ಪಿದರೆ, ಅದನ್ನೇ ಮತ್ತೆ ಹಾಕಬಹುದು. ಕಾಟರ್ ಪಿನ್ ಮಾತ್ರ ಹೊಸದೇ ಬೇಕು. ‘ಹಳೆಯದೇ ಗಟ್ಟಿ ಇದೆ, ನಡಿತದ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಶಾಫ್ಟ್‌ನ ಮರೆಗೆ ಅಂಟಿದ ಎರೆಮಣ್ಣು, ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಮ್ಯಾನುವಲ್ ಹೇಳದಿದ್ದರೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಮರೆ ಜಾರಿದರೆ ಅದೇ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ನಟ್ ಬೇಕಾದ್ದಕ್ಕಿಂತ ಬಿಗಿಯಾಗಿಬಿಡುತ್ತದೆ. ನಟ್ಟನ್ನು ಮೊದಲು ಬರಿ ಬೆರಳಿನಿಂದ ತಿರುಗಿಸಿ. ಲಾಕ್ ಆಗುವ ಭಾಗ ಬರುವವರೆಗೆ ಅದು ಸರಾಗ ಹೋಗಬೇಕು. ಶುರುವಿನಲ್ಲೇ ಸಿಕ್ಕಿಕೊಂಡರೆ ಮರೆ ಬೇರೆ ಅಥವಾ ಅಡ್ಡ ಕೂತಿದೆ. ವಾಪಸ್ ತಿರುಗಿಸಿ ನೋಡಿ.

ಬಿಗಿಯಲು ಏರ್ ಗನ್ ಬೇಡ, ಟಾರ್ಕ್ ರೆಂಚ್ ಬೇಕು. ಬಾಕ್ಸ್‌ಸ್ಟರ್ 986ಕ್ಕೆ 460 ನ್ಯೂಟನ್ ಮೀಟರ್. ಒಂದು ಮೀಟರ್ ಪೈಪಿನ ತುದಿಗೆ ಸುಮಾರು 47 ಕೆಜಿ ತೂಗುಹಾಕಿದಷ್ಟು ಬಲ ಅದು. ಸಣ್ಣ ರೆಂಚ್ ಅಷ್ಟು ಓದುವುದೇ ಇಲ್ಲ. ಮುಕ್ಕಾಲು ಇಂಚು ಚೌಕದ ದೊಡ್ಡ ರೆಂಚ್ ಬೇಕು. ಲಾರಿ ರಿಪೇರಿ ಮಾಡುವ ಗ್ಯಾರೇಜ್‌ಗಳಲ್ಲಿ ಕೇಳಿ ನೋಡಿ. ಬೋಲ್ಟ್ ಇರುವ ಕಾರುಗಳಲ್ಲಿ ಟಾರ್ಕ್ ಆದಮೇಲೆ ಇಂತಿಷ್ಟು ಡಿಗ್ರಿ ತಿರುಗಿಸಿ ಎಂದಿರುತ್ತದೆ. ಆ ಅಂಕಿ ನಿಮ್ಮ ಮಾಡೆಲ್, ವರ್ಷದ್ದೇ ಆಗಿರಬೇಕು. ಪಕ್ಕದವರ ಕಾರಿನ ಅಂಕಿ ಬೇಡ.

ಕೊನೆಗೆ ಮಡಚುವ ನಟ್ ಆಗಿದ್ದರೆ ಮೊಂಡು ಪಂಚ್‌ನಿಂದ ಅಂಚನ್ನು ಶಾಫ್ಟ್‌ನ ತೋಡಿನೊಳಗೆ ಒತ್ತಿ. ಚೂಪು ಉಳಿ ಬಳಸಿದರೆ ಅಂಚು ಸೀಳುತ್ತದೆ. ಸೀಳಿದರೆ ಮತ್ತೆ ಹೊಸ ನಟ್. ಹೊಸದರ ಗೋಟಿ ಸೈಜು, ಟಾರ್ಕ್, ತಾರೀಖು ಮೂರನ್ನೂ ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ.

ಕಾರು ಇಳಿಸುವ ಮುಂಚೆ ಚಕ್ರ ಹಾಕಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಕೈಯಿಂದ ತಿರುಗಿಸಿ. ಆಟ ಇರಬಾರದು, ಗರಗರ ಸದ್ದು ಬರಬಾರದು. ಆಮೇಲೆ ಜೇವರ್ಗಿ ಕಡೆಯ ಹೆದ್ದಾರಿಯಲ್ಲಿ ಸ್ವಲ್ಪ ದೂರ ಹದವಾದ ವೇಗದಲ್ಲಿ ಹೋಗಿ ಬನ್ನಿ, ಗಾಜು ಇಳಿಸಿಕೊಂಡು. ವೇಗದ ಜೊತೆ ಏರುವ ಗುಂಯ್ ಸದ್ದು ಕೇಳಿದರೆ ಬೇರಿಂಗ್ ಬಿಚ್ಚಿ ನೋಡಲೇಬೇಕು. ಆಗ ನಟ್ಟೂ ಇನ್ನೊಂದು ಹೊಸದು ಬೇಕಾಗುತ್ತದೆ. ಹಾಗಾಗಿ ತರಿಸುವಾಗಲೇ ಒಂದು ಜಾಸ್ತಿ ತರಿಸಿ.