ಉಪ್ಪಿನಕಾಯಿ ಭರಣಿಗೊಂದು ವೆಬ್‌ಸೈಟ್

ಶಿರಸಿ, ಸಾಗರದ ಕಡೆ ಮನೆಯಲ್ಲೇ ಅಪ್ಪೆಮಿಡಿ (ಮಾವಿನ ಮಿಡಿ) ಉಪ್ಪಿನಕಾಯಿ ಹಾಕಿ ಬೆಂಗಳೂರಿಗೆ ಕೊರಿಯರ್ ಮಾಡುವವರಿದ್ದಾರೆ. ವ್ಯಾಪಾರವೆಲ್ಲ ವಾಟ್ಸ್‌ಆ್ಯಪ್‌ನಲ್ಲೇ. ಕೆಜಿಗೆ ಎಷ್ಟು, ಎಣ್ಣೆ ಹಾಕಿದ್ದೋ ಹಾಕದ್ದೋ, ಕೊರಿಯರ್ ಖರ್ಚು ಬೇರೆಯೋ, ಯಾವಾಗ ಕೈಸೇರುತ್ತದೆ ಎಂದು ಬಂದವರೆಲ್ಲ ಕೇಳುವುದು ಅದನ್ನೇ. ಇಂಥ ವ್ಯಾಪಾರಕ್ಕೆ ವೆಬ್‌ಸೈಟ್ ಬೇಕಿರುವುದು ಆ ಪ್ರಶ್ನೆಗಳಿಗೆ ಉತ್ತರ ಕೊಡಲಿಕ್ಕೆ. ಅಂದಚೆಂದದ ಮಾತು ಆಮೇಲೆ.

ಮೊದಲು ಕಾಗದ, ಪೆನ್ನು

ಕಳೆದ ಒಂದು ತಿಂಗಳ ಚಾಟ್ ತೆರೆದು, ಗ್ರಾಹಕರು ಕೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ. ಹೆಚ್ಚು ಸಲ ಬಂದ ಪ್ರಶ್ನೆ ಮುಖಪುಟಕ್ಕೆ, ಉಳಿದವು ಒಳಪುಟಗಳಿಗೆ. ಮುಖಪುಟ, ಪದಾರ್ಥ ಮತ್ತು ದರ, ಆರ್ಡರ್ ಮತ್ತು ಕೊರಿಯರ್, ನಮ್ಮ ಬಗ್ಗೆ, ಸಂಪರ್ಕ: ಈ ಐದು ಪುಟ ಸಾಕು.

ಹೆಸರು ನಿಮ್ಮದೇ ಖಾತೆಯಲ್ಲಿರಲಿ

ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು, ಕೊಳ್ಳುವಾಗ ನಿಮ್ಮ ಇಮೇಲ್, ನಿಮ್ಮ ಮೊಬೈಲ್ ಸಂಖ್ಯೆಯನ್ನೇ ಕೊಡಿ. ಸೈಟ್ ಮಾಡಿಕೊಡುವ ಹುಡುಗನ ಖಾತೆಯಲ್ಲಿ ಕೊಂಡರೆ, ಎರಡು ವರ್ಷದ ನಂತರ ನವೀಕರಣದ ಸಂದೇಶ ಅವನಿಗೆ ಹೋಗುತ್ತದೆ. ಅಷ್ಟರಲ್ಲಿ ಅವನು ಬೇರೆ ಕೆಲಸಕ್ಕೆ ಸೇರಿರುತ್ತಾನೆ, ನಿಮ್ಮ ಹೆಸರು ಕೈತಪ್ಪಿರುತ್ತದೆ. ಮೊದಲ ವರ್ಷದ ರಿಯಾಯಿತಿ ದರಕ್ಕೆ ಮರುಳಾಗದೆ ಎರಡನೇ ವರ್ಷದ ದರ ಎಷ್ಟೆಂದು ನೋಡಿ. ಹೆಸರನ್ನು ಫೋನಿನಲ್ಲಿ ಯಾರಿಗಾದರೂ ಹೇಳಿ, ಇಂಗ್ಲಿಷಿನಲ್ಲಿ ಬರೆಯಲು ಹೇಳಿ. ‘ಶ್ರೀ’ ಎಂಬ ಒಂದೇ ಅಕ್ಷರವನ್ನು ಜನ ಮೂರು ಥರ ಬರೆಯುತ್ತಾರೆ. ಅಂಥ ಹೆಸರು ಬೇಡ.

ಫೋನಿನ ಮೊದಲ ಪರದೆ

ಬೆರಳಿನಿಂದ ಸರಿಸುವ ಮೊದಲೇ ಕಾಣುವಷ್ಟು ಜಾಗದಲ್ಲಿ ಒಂದು ಫೋಟೊ, ಒಂದು ಸಾಲು, ದರ, ಒಂದು ಬಟನ್ ಇರಲಿ. ‘ಗುಣಮಟ್ಟವೇ ನಮ್ಮ ಧ್ಯೇಯ’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ‘ಜೀರಿಗೆ ಮಿಡಿ ಉಪ್ಪಿನಕಾಯಿ, ಅರ್ಧ ಕೆಜಿ 280 ರೂ., ಸೋಮವಾರ ಮತ್ತು ಗುರುವಾರ ಕೊರಿಯರ್’ ಎಂದು ಬರೆಯಿರಿ. ತಾನೇ ಓಡುವ ಐದು ಚಿತ್ರಗಳ ಸ್ಲೈಡರ್ ಹಾಕಿಸಬೇಡಿ. ಎರಡನೆಯದು ಬರುವಷ್ಟರಲ್ಲಿ ನೋಡುವವರು ಕೆಳಗೆ ಸರಿದಿರುತ್ತಾರೆ, ಪುಟ ಮಾತ್ರ ಐದೂ ಚಿತ್ರಗಳ ಭಾರ ಹೊತ್ತಿರುತ್ತದೆ.

ಕನ್ನಡ ಒಡೆಯುವುದು ಎಲ್ಲಿ?

ಹೆಚ್ಚು ಸೈಟುಗಳು ಕೆಡುವುದು ಇಲ್ಲೇ. ಲೇಬಲ್, ಕರಪತ್ರವನ್ನು ಪ್ರೆಸ್ಸಿನವರು ಬಹುಪಾಲು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ. ಅದು ಎಲ್ಲ ಫೋನು, ಕಂಪ್ಯೂಟರುಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿರುವುದಿಲ್ಲ. ಹಾಗೇ ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ನೆತ್ತಿಯ ಮೇಲೆ ಗೆರೆ, ಚುಕ್ಕೆ ಮೂಡಿದ ಕಲಸುಮೇಲೋಗರ ಕಾಣುತ್ತದೆ. ಆಗ ಕೆಲವರು ಇಡೀ ಬರಹವನ್ನೇ ಚಿತ್ರವಾಗಿಸಿ ಹಾಕುತ್ತಾರೆ. ಆದರೆ ಚಿತ್ರದೊಳಗಿನ ಅಕ್ಷರವನ್ನು ನಂಬಿಕೊಂಡರೆ ಗೂಗಲ್ ಹುಡುಕಾಟದಲ್ಲಿ ನೀವು ಸಿಗುವುದು ಕಷ್ಟ, ಓದುವವರಿಗೂ ಕಣ್ಣುನೋವು. ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ, ಬಳಿಕ ಅರ್ಕಾವೊತ್ತು, ಒತ್ತಕ್ಷರ ಮತ್ತು ಅಂಕಿಗಳನ್ನು ಒಂದೊಂದಾಗಿ ನೋಡಿ. ದರದ ಪಟ್ಟಿಯಲ್ಲಿ ಒಂದು ಸೊನ್ನೆ ಹೆಚ್ಚುಕಡಿಮೆಯಾದರೆ ತಗಾದೆ ನಿಮಗೇ.

ಫಾಂಟ್ ನೋಟೊ ಸಾನ್ಸ್ ಕನ್ನಡ ಆದೀತು. ಸಾಮಾನ್ಯ ಮತ್ತು ದಪ್ಪ, ಎರಡೇ ತೂಕ ಸಾಕು. ಅಕ್ಷರದ ಗಾತ್ರ 17–18 ಪಿಕ್ಸೆಲ್, ಸಾಲಿನ ಎತ್ತರ ಅದರ 1.6ರಿಂದ 1.7 ಪಟ್ಟು ಇರಲಿ. ಇಂಗ್ಲಿಷಿಗೆ ಸಾಲುವ ಅಂತರದಲ್ಲಿ ‘ರಾಷ್ಟ್ರ’, ‘ಲಕ್ಷ್ಮಿ’ಯಂಥ ಪದಗಳ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. ಸಿದ್ಧ ಥೀಮುಗಳ (ಮೊದಲೇ ಮಾಡಿಟ್ಟ ಪುಟವಿನ್ಯಾಸ) ಬಟನ್ನೂ ಇಂಗ್ಲಿಷಿನ ಅಳತೆಯದೇ. ‘ಕೊಳ್ಳಿ’ ಎಂದು ಬರೆದರೆ ಕೆಳಗಿನ ಒತ್ತು ಕತ್ತರಿಸಿಹೋಗಿ ‘ಕೊಳಿ’ ಆಗಿ ಕುಳಿತಿರುತ್ತದೆ. ಬಟನ್ ಎತ್ತರ 48 ಪಿಕ್ಸೆಲ್ ಮಾಡಿ, ‘ಆರ್ಡರ್ ಮಾಡಿ’ ಎಂದೇ ಬರೆಯಿರಿ. ಎಷ್ಟಾದರೂ ಕೊಳ್ಳಿಗೆ ಇನ್ನೊಂದು ಅರ್ಥವೂ ಇದೆಯಲ್ಲ. ಅಕ್ಷರಗಳ ನಡುವೆ ಹೆಚ್ಚುವರಿ ಅಂತರ ಕೊಡುವ ಸೆಟ್ಟಿಂಗ್ ಸೊನ್ನೆಯಲ್ಲಿರಲಿ. ಪದಾರ್ಥದ ಹೆಸರನ್ನು ಕನ್ನಡದ ಪಕ್ಕ ಇಂಗ್ಲಿಷ್ ಲಿಪಿಯಲ್ಲೂ ಕೊಡಿ, ಕನ್ನಡಿಗರಲ್ಲೂ ಅನೇಕರು ಹುಡುಕುವುದು ಅದರಲ್ಲೇ.

ಫೋಟೊ

ಬೆಳಿಗ್ಗೆ ಕಿಟಕಿ ಪಕ್ಕ ತೆಗೆಯಿರಿ. ಫ್ಲ್ಯಾಶ್ ಬೇಡ, ಖಾರದ ಮೇಲಿನ ಎಣ್ಣೆ ಬಿಳಿಯಾಗಿ ಹೊಳೆದು ಮಿಡಿಯೇ ಕಾಣುವುದಿಲ್ಲ. ಭರಣಿಯ ಪಕ್ಕ ಒಂದು ಚಮಚ ಇಟ್ಟರೆ ಅಳತೆ ತಿಳಿಯುತ್ತದೆ. ಫೋನಿನ ಫೋಟೊ ಸುಲಭವಾಗಿ 3–5 ಎಂಬಿ ಇರುತ್ತದೆ. ಅದನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರರೂಪದಲ್ಲಿ 150 ಕೆಬಿಯೊಳಗೆ ತನ್ನಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಗಡುವು. ಪ್ರತಿ ಚಿತ್ರದ ಅಗಲ, ಎತ್ತರವನ್ನು ಕೋಡ್‌ನಲ್ಲಿ ನಮೂದಿಸಲು ಹೇಳಿ. ಇಲ್ಲದಿದ್ದರೆ ಚಿತ್ರ ತಡವಾಗಿ ಬಂದಾಗ ಪುಟ ಜಿಗಿದು, ಬೆರಳು ಬೇರೆ ಬಟನ್ ಒತ್ತುತ್ತದೆ.

ಆರ್ಡರ್ ಮತ್ತು ಕಾನೂನು

ದಿನಕ್ಕೆ ಹತ್ತು-ಹದಿನೈದು ಆರ್ಡರ್ ಇರುವ ತನಕ ಶಾಪಿಂಗ್ ಕಾರ್ಟ್‌ಗೆ ದುಡ್ಡು ಸುರಿಯುವುದು ದಂಡ. ವಾಟ್ಸ್‌ಆ್ಯಪ್ ಕೊಂಡಿ ಸಾಕು, ಒತ್ತಿದರೆ ನಿಮ್ಮ ಚಾಟ್ ತೆರೆಯುತ್ತದೆ. ಅದರಲ್ಲಿ ನಿಮ್ಮ ಫೋನ್ ಸಂಖ್ಯೆಯನ್ನು 91 ಸೇರಿಸಿ ಒಟ್ಟು 12 ಅಂಕಿಯಲ್ಲಿ ಬರೆಯಬೇಕು. ಕೂಡಿಸು ಚಿಹ್ನೆ, ಮುಂದಿನ ಸೊನ್ನೆ, ನಡುವಿನ ಅಡ್ಡಗೆರೆ ಬೇಡ. ‘ನಮಸ್ಕಾರ, ಜೀರಿಗೆ ಮಿಡಿ ಅರ್ಧ ಕೆಜಿ ಬೇಕು. ಪಿನ್‌ಕೋಡ್:’ ಎಂಬ ಸಂದೇಶವನ್ನೂ ಕೊಂಡಿಯಲ್ಲೇ ಸೇರಿಸಬಹುದು. ಪಿನ್‌ಕೋಡ್ ಮೊದಲೇ ಬಂದರೆ ಕೊರಿಯರ್ ದರ ಹೇಳಲು ಎರಡು ಸಲ ಬರೆಯುವುದು ತಪ್ಪುತ್ತದೆ. ಆನ್‌ಲೈನ್ ಪಾವತಿ ಬೇಕೆಂದರೆ ಮರುಪಾವತಿ, ಖಾಸಗಿತನ ಮತ್ತು ಷರತ್ತುಗಳ ಪುಟಗಳನ್ನು ಮೊದಲು ಸಿದ್ಧಮಾಡಿ. ಅವಿಲ್ಲದಿದ್ದರೆ ಪೇಮೆಂಟ್ ಕಂಪನಿಗಳು ಅರ್ಜಿಯನ್ನು ವಾಪಸ್ ಕಳಿಸುತ್ತವೆ.

ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) 14 ಅಂಕಿಯ ಸಂಖ್ಯೆ, ನಿವ್ವಳ ತೂಕ, ತೆರಿಗೆ ಸೇರಿದ ಎಂಆರ್‌ಪಿ, ತಯಾರಿಸಿದವರ ವಿಳಾಸ ಪುಟದಲ್ಲಿರಲಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಕೇಳುವವರ ಹೆಸರು, ಫೋನೂ ಬೇಕು. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಬಿಡುವ ಮುನ್ನ

ವೈಫೈ ಆಫ್ ಮಾಡಿ, ಹಳೆಯ ಫೋನೊಂದನ್ನು ಮನೆಯ ಹಿರಿಯರ ಕೈಗೆ ಕೊಟ್ಟು, ಅಂಗಳದ ಬಿಸಿಲಿನಲ್ಲಿ ಆರ್ಡರ್ ಮಾಡಲು ಹೇಳಿ. ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ತಡೆದು ನಿಂತರೋ ಅಲ್ಲಿ ತಿದ್ದಿ. ತೆಳು ಬೂದು ಬಣ್ಣದ ಅಕ್ಷರ ಬಿಸಿಲಿನಲ್ಲಿ ಮಾಯವಾಗುವುದು ಆಗಲೇ ಗೊತ್ತಾಗುತ್ತದೆ.

ಮಿಡಿಯ ಕಾಲ ಮುಗಿದು ದಾಸ್ತಾನು ಖಾಲಿಯಾದಾಗ ಆ ಪುಟವನ್ನು ಅಳಿಸಬೇಡಿ. ಯಾವುದೋ ಕುಟುಂಬದ ಗ್ರೂಪಿನಲ್ಲಿ ಅದರ ಕೊಂಡಿ ಇನ್ನೂ ಓಡಾಡುತ್ತಿರುತ್ತದೆ. ‘ಈ ವರ್ಷದ್ದು ಮುಗಿದಿದೆ, ಮುಂದಿನ ಸಲಕ್ಕೆ ಹೆಸರು ಬರೆಸಿ’ ಎಂಬ ಸಾಲು ಹಾಕಿ, ಕೆಳಗೆ ಅದೇ ಬಟನ್ ಇಟ್ಟಿರಿ.