ಕರುಳಿನ ಕ್ಯಾನ್ಸರ್ ಐಎಚ್‌ಸಿ ರಿಪೋರ್ಟ್ ಓದೂದು ಹ್ಯಾಂಗ

ಕಲಬುರಗಿ ಕಿದ್ವಾಯಿದಾಗ ತೋರಸ್ರಿ ಇಲ್ಲಾ ಸೊಲ್ಲಾಪುರ, ಹೈದರಾಬಾದ್‌ಗೆ ಹೋಗ್ರಿ, ದೊಡ್ಡ ಕರುಳಿನ ಗಡ್ಡಿ ತೆಗದಮ್ಯಾಲ ಬಯಾಪ್ಸಿ ರಿಪೋರ್ಟ್ ಜೋಡಿ ಐಎಚ್‌ಸಿ (ಗಡ್ಡಿ ತುಣುಕಿಗೆ ಬಣ್ಣ ಹಾಕಿ ಯಾವ ಪ್ರೋಟೀನ್ ಅದ, ಯಾವ್ದು ಇಲ್ಲ ಅಂತ ನೋಡೋ ಟೆಸ್ಟ್) ಅಂತ ಇನ್ನೊಂದು ಹಾಳಿ ಬರ್ತದ. ಅದ್ರಾಗ 'ಲಾಸ್' ಅಂತ ಬರ್ದಿದ್ದು ನೋಡಿ ಮಂದಿ ಎಲ್ಲಾ ಮುಗೀತು ಅಂತ ಅಳ್ಕೋತ ಕೂಡ್ತಾರ. ತಡೀರಿ.

ಮೊದ್ಲ ಸ್ಟೇಜ್ ನೋಡ್ರಿ, ಗಡ್ಡಿ ಕರುಳಿನ ಗ್ವಾಡಿ ಎಷ್ಟು ದಾಟ್ಯದ, ಎಷ್ಟು ಲಿಂಫ್ ನೋಡ್‌ಗೆ (ಕರುಳಿನ ಬಾಜೂಕಿನ ಸಣ್ಣ ಗ್ರಂಥಿಗೆ) ಹಬ್ಬ್ಯದ ಅಂತ. ಕಮ್ಮಿ ಅಂದ್ರೂ 12 ನೋಡ್ ಚೆಕ್ ಮಾಡಿರ್ಬೇಕು. ಮುಂದ ಹ್ಯಾಂಗ ಅಂತ ಹೇಳೂದ್ರಾಗ ಸ್ಟೇಜೇ ದೊಡ್ದು, ಮಾರ್ಕರ್ ಎಲ್ಲಾ ಅದ್ರ ಹಿಂದ.

ಆಮ್ಯಾಲ ನಾಕ್ ಹೆಸರು ಹುಡುಕ್ರಿ: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಡಿಎನ್‌ಎ ಕಾಪಿ ಆಗೂವಾಗ ಆಗೋ ತಪ್ಪು ರಿಪೇರಿ ಮಾಡೋ ಪ್ರೋಟೀನ್ ಇವು. ಸ್ಟೇನ್ (ಬಣ್ಣ) ಹಾಕಿದ್ರ ಪ್ರೋಟೀನ್ ಇದ್ದ ಕಣದ ನ್ಯೂಕ್ಲಿಯಸ್ ಕಂದು ಆಗ್ತದ, ಇಲ್ಲಂದ್ರ ನೀಲಿನೇ ಉಳೀತದ. ಬಾಜೂಕಿನ ಚಲೋ ಕಣಾನೂ ಕಂದು ಆಗಿಲ್ಲಂದ್ರ ಸ್ಟೇನೇ ಸರಿ ಬಂದಿಲ್ಲ ಅಂತ ತಿಳೀರಿ, ತುಣುಕು ಫಾರ್ಮಾಲಿನ್‌ದಾಗ (ಕೆಡದಂಗ ಇಡೋ ದ್ರವದಾಗ) ನೆಟ್ಟಗ ಇಟ್ಟಿಲ್ಲಂದ್ರ ಹಂಗಾಗ್ತದ, ಮತ್ತೊಮ್ಮೆ ಮಾಡಸ್ರಿ.

ನಾಕೂ ಇದ್ರ ಪಿಎಂಎಂಆರ್, ಅಂದ್ರ ರಿಪೇರಿ ಕೆಲಸ ಸರಿ ಅದ; ಒಂದರೆ ಹೋಗಿದ್ರ (ರಿಪೋರ್ಟ್‌ದಾಗ 'ಲಾಸ್' ಅನ್ನೋದು ಇದ್ಕ) ಡಿಎಂಎಂಆರ್, ಅಂದ್ರ ರಿಪೇರಿ ಕೆಟ್ಟದ. ನೂರ್ರಾಗ ಸುಮಾರು 15 ಮಂದಿದು ಡಿಎಂಎಂಆರ್ ಇರ್ತದ. ಎರಡ್ನೇ ಸ್ಟೇಜ್‌ದಾಗ ಖರೇ ಅಂದ್ರ ಇದು ಚಲೋ ಸುದ್ದಿ, ಹೊಳ್ಳಿ ಬರೋದು ಕಮ್ಮಿ, ಬರೇ 5-ಎಫ್‌ಯು ಅನ್ನೋ ಔಷಧದ ಕೀಮೋದಿಂದ ಅಂಥಾ ಫಾಯ್ದಾ ಇಲ್ಲಂತ ಭಾಳ ಸಲ ಕೀಮೋನೇ ಬಿಡ್ತಾರ. ನಾಕ್ನೇ ಸ್ಟೇಜ್‌ದಾಗ ಮಾತು ಬ್ಯಾರೆ, ಅಲ್ಲಿ ಡಿಎಂಎಂಆರ್ ಅಂದ್ರ ಚಲೋ ಅಂತ ಹೇಳಾಕ ಬರಂಗಿಲ್ಲ, ಆದ್ರ ಪೆಂಬ್ರೋಲಿಜುಮಾಬ್‌ದಂಥ ಇಮ್ಯುನೋಥೆರಪಿ (ಮೈಯಾಗಿನ ರೋಗನಿರೋಧಕ ಶಕ್ತಿನೇ ಕ್ಯಾನ್ಸರ್ ಮ್ಯಾಲ ಬಿಡೋ ಔಷಧ) ಕೆಲಸ ಮಾಡೋದು ಇಂಥವ್ರಿಗೇ. ರೊಕ್ಕ ಮಾತ್ರ ಕೇಳಬ್ಯಾಡ್ರಿ.

ಯಾವ ಜೋಡಿ ಹೋಗ್ಯದ ಅನ್ನೋದೂ ನೋಡ್ರಿ. ಎಂಎಲ್‌ಎಚ್1, ಪಿಎಂಎಸ್2 ಕೂಡೇ ಹೋಗಿದ್ರ ಬಿರಾಫ್ (ಗಡ್ಡಿ ಕಣದಾಗ ಆ ಹೆಸರಿನ ಜೀನ್ ಬದಲಾಗ್ಯದೇನು ಅಂತ ನೋಡೋ) ಟೆಸ್ಟ್ ಮಾಡ್ರಿ ಅಂತ ಡಾಕ್ಟರ್‌ಗೆ ಕೇಳ್ರಿ, ಅದು ಪಾಸಿಟಿವ್ ಬಂದ್ರ ಬಹುತೇಕ ವಂಶದಾಗಿಂದಲ್ಲ. ಎಂಎಸ್‌ಎಚ್2, ಎಂಎಸ್‌ಎಚ್6 ಹೋಗಿದ್ರ ಲಿಂಚ್ ಸಿಂಡ್ರೋಮ್ (ವಂಶದಾಗ ಬರೋ, ಕ್ಯಾನ್ಸರ್ ಅಪಾಯ ಹೆಚ್ಚಸೋ ಜೀನ್ ದೋಷ) ಡೌಟು, ರಕ್ತದ ಜೆನೆಟಿಕ್ ಟೆಸ್ಟ್ ಬೇಕು, ಅದ್ರಾಗೂ ಬಂದ್ರ ಅಣ್ತಮ್ಮ ಅಕ್ತಂಗಿ ಮಕ್ಕಳಿಗೂ ಅದೇ ಟೆಸ್ಟ್, ಇದ್ದವ್ರಿಗೆ ಕೊಲೊನೋಸ್ಕೋಪಿ (ಕ್ಯಾಮೆರಾ ಹಾಕಿ ದೊಡ್ಡ ಕರುಳು ನೋಡೋದು). 'ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ' ಅನ್ನೋ ಚಟ ಇಲ್ಲಿ ಜೀವಕ್ಕೇ ಬರ್ತದ.

ಕೆಐ-67, ಪಿ53 ಅಂತ ಬ್ಯಾರೆ ಮಾರ್ಕರ್ ಹೆಸರು ಬರ್ದಿದ್ರ ತಲಿ ಕೆಡಿಸ್ಕೋಬ್ಯಾಡ್ರಿ, ಕರುಳಿಗೆ ಅವುಗಳ ಮ್ಯಾಲ ಟ್ರೀಟ್‌ಮೆಂಟ್ ನಿಂತಿಲ್ಲ. ಸಿಇಎ ಅನ್ನೋದು ರಕ್ತದ ಟೆಸ್ಟು, ಈ ಐಎಚ್‌ಸಿ ಹಾಳಿಗೂ ಅದ್ಕೂ ಸಂಬಂಧಿಲ್ಲ.

ಬ್ಯಾರೆ ಊರಿಗೆ ಹೋಗೂದಿದ್ರ ರಿಪೋರ್ಟ್ ಅಷ್ಟೇ ಅಲ್ಲ, ಲ್ಯಾಬಿಂದ ಮೇಣದ ಬ್ಲಾಕ್ (ಗಡ್ಡಿ ತುಣುಕು ಮೇಣದಾಗ ಕೂಡಿಸಿಟ್ಟಿದ್ದು), ಸ್ಲೈಡ್ ಎರಡೂ ಸಹಿ ಮಾಡಿ ಇಸ್ಕೊಂಡ್ಹೋಗ್ರಿ, ಮ್ಯಾಲಿನ ನಂಬರ್ ರಿಪೋರ್ಟ್‌ದಾಗಿನ ನಂಬರ್‌ಗೆ ತಾಳೆ ನೋಡ್ರಿ, ನಮ್ಮ ಮೇ ತಿಂಗಳ ಬಿಸಿಲಾಗ ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲ ಮಾತ್ರ ಇಡಬ್ಯಾಡ್ರಿ.